ಮಾತ್ರೆ 50ರಿಂದ 100ಕ್ಕೆ ಏರಿಸಿದರೂ ಅಮ್ಮನ ಥೈರಾಯ್ಡ್ ಸರಿಹೋಗುತ್ತಿಲ್ಲ, ಏನು ಕಾರಣ ಇರಬಹುದು?

ಮೂಡಿಗೆರೆ ಮಗಳು – ಜುಲೈ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಕಾಫಿ ತೋಟ. ಅಮ್ಮನಿಗೆ 58 ವರ್ಷ. ಎರಡು ವರ್ಷದ ಹಿಂದೆ ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾಯಿತು. ಆಗ ಥೈರಾಯ್ಡ್ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಅನ್ನುವುದು 14 ಇತ್ತು, 4ರ ಒಳಗೆ ಇರಬೇಕಂತೆ. 50 ಮೈಕ್ರೋಗ್ರಾಂ ಮಾತ್ರೆ ಕೊಟ್ಟರು. ಸಾಲದು ಅಂತ 75 ಮಾಡಿದರು, ಆಮೇಲೆ 100. ಹೋದ ವಾರ ಮತ್ತೆ ರಕ್ತ ಕೊಟ್ಟು ಬಂದೆವು. 11.8 ಬಂದಿದೆ. ಈಗ 125 ಮಾಡೋಣ ಅಂತಿದ್ದಾರೆ. ಕೊಲೆಸ್ಟ್ರಾಲ್ ಕೂಡ ಜಾಸ್ತಿ ಇದೆ, ಅದಕ್ಕೂ ಒಂದು ಮಾತ್ರೆ ಬೇಕಾಗಬಹುದು ಅಂದರು.

ಮಳೆ ಹಿಡಿದರೆ ಅಮ್ಮ ಒಲೆ ಮುಂದಿನಿಂದ ಏಳುವುದೇ ಇಲ್ಲ. ಎರಡು ಸ್ವೆಟರ್ ಹಾಕಿದರೂ ಚಳಿ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ದನಿ ದಪ್ಪ ಆಗಿದೆ, ಫೋನಿನಲ್ಲಿ ಅಣ್ಣನಿಗೆ ಗುರುತೇ ಸಿಗಲಿಲ್ಲ. ಮದುವೆಯಲ್ಲಿ ಹಾಕಿದ ಚಿನ್ನದ ಬಳೆ ಕೈಯಿಂದ ಈಚೆ ಬರುತ್ತಿಲ್ಲ. ಸೋಪು ಹಚ್ಚಿ ಎಳೆದರೂ ಬರಲಿಲ್ಲ. ಮೊದಲು ಕಾಫಿ ಕೊಯ್ಲಿನಲ್ಲಿ ಆಳುಗಳ ಸಮಕ್ಕೆ ನಿಲ್ಲುತ್ತಿದ್ದವರು ಈಗ ಅಂಗಳ ದಾಟಿದರೆ ಕೂರುತ್ತಾರೆ.

ದಿನಾ ಮಾತ್ರೆ ತಗೊಳ್ತೀರಾ ಅಂತ ಡಾಕ್ಟರ್ ಕೇಳಿದರು. ಹೌದು ಅಂದರು ಅಮ್ಮ. ಅದು ನಿಜವೇ, ಒಂದು ದಿನವೂ ಬಿಟ್ಟಿಲ್ಲ, ನಾನೇ ನೋಡಿದ್ದೇನೆ. ಹಾಗಿದ್ದರೆ ಯಾಕೆ ಹೀಗೆ? ಯಾರಿಗಾದರೂ ಹೀಗಾಗಿದೆಯಾ?

ಬೇಲೂರು ಔಷಧಿ ಅಂಗಡಿ – ಜುಲೈ 6, ರಾತ್ರಿ 10:15

ಅಕ್ಕ, ಡೋಸ್ ವಿಚಾರ ಡಾಕ್ಟರಿಗೆ ಬಿಡಿ. ನನಗೆ ನಾಲ್ಕು ವಿಷಯ ಹೇಳಿ. ಅಮ್ಮ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗುತ್ತಾರೆ? ಯಾವುದರ ಜೊತೆ? ಆಮೇಲೆ ಎಷ್ಟು ಹೊತ್ತು ಬಿಟ್ಟು ಕಾಫಿ ಕುಡಿಯುತ್ತಾರೆ? ಮಾತ್ರೆ ಡಬ್ಬಿ ಮನೆಯಲ್ಲಿ ಎಲ್ಲಿಟ್ಟಿದ್ದಾರೆ? ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಏನಾದರೂ ಇದ್ದರೆ ಅದನ್ನೂ ಹೇಳಿ.

ಮೂಡಿಗೆರೆ ಮಗಳು – ಜುಲೈ 7, ಬೆಳಿಗ್ಗೆ 7:05

ಅಣ್ಣಾ, ನೀವು ಕೇಳಿದ್ದಕ್ಕೆ ಇವತ್ತು ಬೇಗ ಎದ್ದು ಕೂತು ನೋಡಿದೆ.

ಅಮ್ಮ ಐದಕ್ಕೆ ಎದ್ದರು. ಬಚ್ಚಲು ಹಂಡೆಗೆ ಬೆಂಕಿ ಹಾಕಿ ಬಂದು ಕಾಫಿಗೆ ನೀರಿಟ್ಟರು. ಬೆಲ್ಲ ಹಾಕಿದರು, ಪುಡಿ ಹಾಕಿದರು, ಬಟ್ಟೆಯಲ್ಲಿ ಸೋಸಿದರು. ದೊಡ್ಡ ಲೋಟ. ಒಲೆ ಮೇಲಿನ ಗೂಡಿನಲ್ಲಿ ಉಪ್ಪಿನ ಮರಿಗೆ ಪಕ್ಕ ಮಾತ್ರೆ ಬಾಟಲಿ ಇದೆ. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಮಾತ್ರೆ ಅಂಗೈಗೆ ಹಾಕಿಕೊಂಡರು, ಬಾಯಿಗೆ ಹಾಕಿ ಬಿಸಿ ಕಾಫಿಯಲ್ಲೇ ನುಂಗಿದರು. ಅದೇ ಗುಟುಕಿನಲ್ಲಿ ಮೂಳೆಗೆ ಅಂತ ಕೊಟ್ಟಿರುವ ಕ್ಯಾಲ್ಸಿಯಂ ಮಾತ್ರೆಯೂ ಹೋಯಿತು.

ಎರಡು ವರ್ಷದಿಂದ ದಿನಾ ಹೀಗೇ ಅಂತೆ. ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಅಂದಿದ್ದರು, ಕಾಫಿ ಊಟ ಅಲ್ವಲ್ಲ, ಖಾಲಿ ಹೊಟ್ಟೆಯೇ ಅಲ್ವಾ ಅಂತ ಕೇಳಿದರು. ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಬೇಲೂರು ಔಷಧಿ ಅಂಗಡಿ – ಜುಲೈ 7, ಬೆಳಿಗ್ಗೆ 9:30

ಉತ್ತರ ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಅಮ್ಮನ ತಪ್ಪು ಏನೂ ಇಲ್ಲ. ನಮ್ಮ ಕಡೆ ಕಾಫಿ ಅಂದರೆ ನೀರು ಕುಡಿದ ಹಾಗೆ. ಖಾಲಿ ಹೊಟ್ಟೆ ಅಂದರೆ ಕಾಫಿಯೂ ಇಲ್ಲ ಅಂತ ಬಿಡಿಸಿ ಹೇಳದಿದ್ದರೆ ಅರ್ಧ ಮಲೆನಾಡಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ಈ ಮಾತ್ರೆ ಕೊಡುವಾಗ ನಾನು ಲಕೋಟೆ ಮೇಲೆ "ಬರೀ ನೀರು, ಒಂದು ಗಂಟೆ ಕಾಫಿ ಇಲ್ಲ" ಅಂತ ಕನ್ನಡದಲ್ಲಿ ಬರೆದೇ ಕೊಡುತ್ತೇನೆ.

ಈ ಮಾತ್ರೆಯ ಹೆಸರು ಲೆವೊಥೈರಾಕ್ಸಿನ್. ನಮ್ಮ ಕುತ್ತಿಗೆಯ ಗ್ರಂಥಿ ಮಾಡುವ ಟಿ4 ಹಾರ್ಮೋನೇ ಇದು. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿದರೂ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ, ನೂರಕ್ಕೆ 60ರಿಂದ 80 ಭಾಗ ಅಷ್ಟೇ. ಕಾಫಿ ಜೊತೆ ಹೋದರೆ ಅದೂ ಇಳಿಯುತ್ತದೆ. ಇಟಲಿಯವರು ನಮ್ಮ ಹಾಗೆ ಕಾಫಿ ಜನ. ಮಾತ್ರೆ ತಗೊಂಡರೂ ಟಿಎಸ್‌ಎಚ್ ಇಳಿಯದ ಕೆಲವರು ಅದನ್ನು ಕಾಫಿ ಜೊತೆ ನುಂಗುತ್ತಿದ್ದರು ಅಂತ ಅಲ್ಲಿನ ಡಾಕ್ಟರುಗಳು 2008ರಲ್ಲಿ ಬರೆದಿದ್ದಾರೆ. ಕ್ಯಾಲ್ಸಿಯಂ ಇನ್ನೂ ಕೆಟ್ಟದ್ದು. ಹೊಟ್ಟೆಯಲ್ಲೇ ಮಾತ್ರೆಯನ್ನು ಹಿಡಿದುಕೊಂಡುಬಿಡುತ್ತದೆ. ಕಬ್ಬಿಣದ ಮಾತ್ರೆಯೂ ಹಾಗೇ. ಎರಡಕ್ಕೂ ನಾಲ್ಕು ಗಂಟೆ ಅಂತರ ಬೇಕು.

ಎದ್ದ ತಕ್ಷಣ ಮಾತ್ರೆ, ಬರೀ ನೀರು. ಆಮೇಲೆ ಒಂದು ಗಂಟೆ ಏನೂ ಬೇಡ, ಕಡಿಮೆ ಅಂದರೂ ಅರ್ಧ ಗಂಟೆ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೋ ರಾತ್ರಿ ಊಟಕ್ಕೋ ಹೋಗಲಿ. ಬಾಟಲಿಯನ್ನು ಒಲೆ ಹತ್ತಿರದಿಂದ ಇವತ್ತೇ ತೆಗೆಯಿರಿ. ಬಿಸಿ, ಬೆಳಕು, ತೇವ ಮೂರೂ ಇದಕ್ಕೆ ಆಗುವುದಿಲ್ಲ. ಎರಡು ವರ್ಷ ಹೊಗೆಗೂಡಿನಲ್ಲಿ ಇಟ್ಟಿದ್ದೀರಿ ಅಂದರೆ ಮಾತ್ರೆಯ ಶಕ್ತಿಯೂ ಕುಂದಿರಬಹುದು. ಹೊಸ ಬಾಟಲಿ ತಗೊಂಡು ಮಲಗುವ ಕೋಣೆಯ ಕಪಾಟಿನಲ್ಲಿಡಿ.

ಒಂದು ಮುಖ್ಯ ಮಾತು. 125ಕ್ಕೆ ಏರಿಸುವ ಮೊದಲು ಇದನ್ನೆಲ್ಲ ಡಾಕ್ಟರಿಗೆ ಹೇಳಿ. ಈಗ 100 ಸರಿಯಾಗಿ ಮೈಗೆ ಹತ್ತಲು ಶುರುವಾದರೆ ಅದೇ ಜಾಸ್ತಿ ಆಗಬಹುದು. ಎದೆ ಡವಡವ, ಕೈ ನಡುಕ, ನಿದ್ದೆ ಬಾರದಿರುವುದು ಕಂಡರೆ ಕಾಯಬೇಡಿ. 58 ವರ್ಷದವರ ಹೃದಯದ ವಿಚಾರ ಇದು.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು, ಹಾಸನ – ಜುಲೈ 7, ಮಧ್ಯಾಹ್ನ 12:20

ಔಷಧಿ ಅಂಗಡಿಯವರು ಬಹಳ ಚೆನ್ನಾಗಿ ಹೇಳಿದ್ದಾರೆ. ಟಿಎಸ್‌ಎಚ್ ಜಾಸ್ತಿ ಅಂದರೆ ಥೈರಾಯ್ಡ್ ಜಾಸ್ತಿ ಅಂತ ತುಂಬ ಜನ ತಿಳಿದುಕೊಂಡಿರುತ್ತಾರೆ. ಅದು ಉಲ್ಟಾ. ತೋಟದವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನಮ್ಮ. ಟಿಎಸ್‌ಎಚ್ ಥೈರಾಯ್ಡಿನಲ್ಲಿ ಹುಟ್ಟುವುದಲ್ಲ. ಮೆದುಳಿನ ಅಡಿಯಲ್ಲಿ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಅದು ತೋಟದ ರೈಟರ್, ಅಂದರೆ ಆಳುಗಳ ಕೆಲಸ ನೋಡಿಕೊಳ್ಳುವವನು, ಇದ್ದ ಹಾಗೆ. ಕೆಲಸ ಸರಿಯಾಗಿ ಸಾಗುತ್ತಿದ್ದರೆ ರೈಟರ್ ದನಿ ಎತ್ತುವುದಿಲ್ಲ. ಕೆಲಸ ನಿಂತರೆ ಕೂಗುತ್ತಾನೆ, ಆಗಲೂ ಆಗದಿದ್ದರೆ ಇನ್ನೂ ಜೋರಾಗಿ. ಆ ಕೂಗೇ ಟಿಎಸ್‌ಎಚ್. 11.8 ಅಂದರೆ ರೈಟರ್ ಇನ್ನೂ ಕೂಗುತ್ತಿದ್ದಾನೆ, ಹಾರ್ಮೋನು ಮೈಗೆ ಸಾಲುತ್ತಿಲ್ಲ ಅಂತ. ಸಾಮಾನ್ಯವಾಗಿ 0.4ರಿಂದ 4ರ ಒಳಗೆ ಇರಬೇಕು, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ.

ಈ ಕೂಗು ನಾಳೆಯೇ ಇಳಿಯುವುದಿಲ್ಲ. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಹೊಸ ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ. ಅದಕ್ಕೇ ಆರು ವಾರಕ್ಕೆ ಮುಂಚೆ ಟೆಸ್ಟ್ ಮಾಡಿಸಿದರೆ ದುಡ್ಡು ದಂಡ.

ಕೊಲೆಸ್ಟ್ರಾಲ್ ಮಾತ್ರೆಯ ಬಗ್ಗೆಯೂ ಡಾಕ್ಟರನ್ನು ಕೇಳಿ. ರಕ್ತದ ಕೆಟ್ಟ ಕೊಬ್ಬನ್ನು ಯಕೃತ್ತು ಎಳೆದುಕೊಳ್ಳಬೇಕಾದರೆ ಥೈರಾಯ್ಡ್ ಹಾರ್ಮೋನು ಬೇಕು. ಅದು ಕಡಿಮೆ ಇದ್ದರೆ ಕೊಬ್ಬು ರಕ್ತದಲ್ಲೇ ಉಳಿಯುತ್ತದೆ. ಥೈರಾಯ್ಡ್ ಸರಿಯಾದ ಮೇಲೆ ಅದೂ ಇಳಿಯಬಹುದು.

ಕೊಪ್ಪದವಳು – ಜುಲೈ 7, ಸಂಜೆ 6:10

ನಮ್ಮ ಅತ್ತೆಗೂ ಥೈರಾಯ್ಡ್ ಇತ್ತು. ಎಲೆಕೋಸು, ಕಳಲೆ ಪೂರ್ತಿ ಬಿಡಿಸಿದೆವು. ರಾತ್ರಿ ನೆನೆಸಿದ ಕೊತ್ತಂಬರಿ ಬೀಜದ ನೀರು ದಿನಾ ಕೊಡುತ್ತಿದ್ದೇವೆ. ಮೂರು ತಿಂಗಳಿಂದ ಮಾತ್ರೆ ನಿಲ್ಲಿಸಿದ್ದೇವೆ, ಆರಾಮಾಗಿದ್ದಾರೆ. ಇಂಗ್ಲಿಷ್ ಮಾತ್ರೆ ಜೀವನಪೂರ್ತಿ ಯಾಕೆ ಬೇಕು? ಒಮ್ಮೆ ನೋಡಿ.

ಚಿಕ್ಕಮಗಳೂರು ಸಿಸ್ಟರ್ – ಜುಲೈ 7, ರಾತ್ರಿ 8:45

ಕೊಪ್ಪದ ಅಕ್ಕ, ಅತ್ತೆ ಬಗ್ಗೆ ನಿಮಗಿರುವ ಕಾಳಜಿ ಕಾಣುತ್ತದೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ಈ ವಾರವೇ ಅವರಿಗೊಂದು ಟಿಎಸ್‌ಎಚ್ ಮಾಡಿಸಿ. ಕೊತ್ತಂಬರಿ ನೀರು ಕುಡಿಯಲಿ, ತೊಂದರೆ ಇಲ್ಲ. ಆದರೆ ಅದರಲ್ಲಿ ಥೈರಾಯ್ಡ್ ಹಾರ್ಮೋನು ಇಲ್ಲ. ಮಾತ್ರೆ ಬಿಟ್ಟ ಕೆಲವು ವಾರ ಏನೂ ಗೊತ್ತಾಗುವುದಿಲ್ಲ. ಆಮೇಲೆ ನಿಧಾನಕ್ಕೆ, ಯಾರಿಗೂ ಕಾಣದ ಹಾಗೆ, ಮೈ ತಣ್ಣಗಾಗುತ್ತಾ ಬರುತ್ತದೆ. ಮನೆಯವರು ವಯಸ್ಸಾಯಿತಲ್ಲ ಅಂದುಕೊಳ್ಳುತ್ತಾರೆ.

ಹೀಗೇ ಮಾತ್ರೆ ಬಿಟ್ಟ ಒಬ್ಬ ಅಜ್ಜಿಯನ್ನು ನಾನು ಡಿಸೆಂಬರ್ ಚಳಿಯಲ್ಲಿ ನೋಡಿದ್ದೇನೆ. ಜೀಪಿನಲ್ಲಿ ಕಂಬಳಿ ಸುತ್ತಿ ತಂದಿದ್ದರು. ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಕೈ ಮುಟ್ಟಿದರೆ ಹಸಿ ಮಣ್ಣು ಮುಟ್ಟಿದ ಹಾಗೆ ತಣ್ಣಗೆ. ನಾಡಿ 40ರ ಹತ್ತಿರ. ಉಳಿಸಿಕೊಂಡೆವು, ಆದರೆ ಎಂಟು ದಿನ ಐಸಿಯುನಲ್ಲಿ ಇರಬೇಕಾಯಿತು. ಆ ಮನೆಯವರೂ ನಿಮ್ಮ ಹಾಗೆ ಪ್ರೀತಿ ಇರುವವರೇ.

ಹೆಚ್ಚಿನವರಿಗೆ ಈ ಕಾಯಿಲೆ ಬರುವುದು ಹಾಶಿಮೊಟೊ ಅನ್ನುವ ತೊಂದರೆಯಿಂದ. 1912ರಲ್ಲಿ ಇದನ್ನು ಗುರುತಿಸಿದ ಜಪಾನಿನ ಡಾಕ್ಟರ ಹೆಸರು ಅದು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಥೈರಾಯ್ಡನ್ನು ಶತ್ರು ಅಂತ ತಿಳಿದು ಹಾಳು ಮಾಡುತ್ತದೆ. ಗ್ರಂಥಿ ಹಾಳಾದ ಮೇಲೆ ಹಾರ್ಮೋನನ್ನು ಹೊರಗಿನಿಂದ ಕೊಡಲೇಬೇಕು. ಮೈಯಲ್ಲಿ ಇರಬೇಕಾದದ್ದನ್ನೇ ಕೊಡುತ್ತಿರುವುದು, ಹೊರಗಿನ ವಿಷವನ್ನಲ್ಲ.

ಕಳಲೆ ವಿಚಾರ ಪೂರ್ತಿ ಸುಳ್ಳಲ್ಲ. ಎಳೆ ಬಿದಿರಿನಲ್ಲಿರುವ ವಸ್ತು ಥೈರಾಯ್ಡಿಗೆ ಅಯೋಡಿನ್ ಸೇರದ ಹಾಗೆ ತಡೆಯಬಲ್ಲದು. ಆದರೆ ನಮ್ಮ ಅಜ್ಜಿಯಂದಿರು ಹಸಿ ಕಳಲೆ ತಿಂದವರಲ್ಲ. ಹೆಚ್ಚಿ, ದಿನಾ ನೀರು ಬದಲಿಸಿ, ಮೂರು ದಿನ ನೆನೆಹಾಕಿ, ಬೇಯಿಸಿ ಪಲ್ಯ ಮಾಡಿದವರು. ಆ ನೀರಿನಲ್ಲೇ ಕಹಿಯೂ ವಿಷವೂ ಬಹುಪಾಲು ಹೋಗುತ್ತದೆ. ವರ್ಷಕ್ಕೆ ನಾಲ್ಕು ಸಲ ಕಳಲೆ ತಿಂದರೆ, ಬೇಯಿಸಿದ ಎಲೆಕೋಸು ತಿಂದರೆ, ಮನೆಯಲ್ಲಿ ಅಯೋಡಿನ್ ಉಪ್ಪು ಇದ್ದರೆ, ಹೆದರಬೇಕಾಗಿಲ್ಲ.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು, ಹಾಸನ – ಜುಲೈ 7, ರಾತ್ರಿ 9:30

ಸಿಸ್ಟರ್ ಉಪ್ಪಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಜೋರು ಮಳೆ ಬೀಳುವ ಗುಡ್ಡದ ಮಣ್ಣಿನಿಂದ ಅಯೋಡಿನ್ ತೊಳೆದು ಹೋಗುತ್ತದೆ. ಬೆಳೆಯಲ್ಲೂ ನೀರಲ್ಲೂ ಅದು ಕಡಿಮೆ. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಗಳಗಂಡ ಮನೆಮನೆಯಲ್ಲೂ ಇತ್ತು. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಯವರು 1956ರಿಂದ ಅಲ್ಲಿ ಅಯೋಡಿನ್ ಸೇರಿಸಿದ ಉಪ್ಪು ಕೊಟ್ಟು ನೋಡಿದರು. ಗಳಗಂಡ ಇಳಿಯಿತು. 1962ರಲ್ಲಿ ಸರ್ಕಾರ ಇದನ್ನು ದೇಶದ ಕಾರ್ಯಕ್ರಮ ಮಾಡಿತು.

ಮೂಡಿಗೆರೆ ಮಗಳು ಬರೆದ ಮರಿಗೆಯ ಚಿತ್ರ ನನ್ನ ಕಣ್ಣಮುಂದೆಯೇ ಇದೆ. ನಮ್ಮ ಅಜ್ಜಿ ಮನೆಯಲ್ಲೂ ಇತ್ತು. ಮಳೆಗಾಲದಲ್ಲಿ ಉಪ್ಪು ನೀರಾಗಿ ಕೆಳಗೆ ತೊಟ್ಟಿಕ್ಕುತ್ತಿತ್ತು. ಆ ನೀರಿನ ಜೊತೆ ಅಯೋಡಿನ್ ಕೂಡ ಹೋಗುತ್ತದೆ. ಮರಿಗೆಯಲ್ಲಿ ಕಲ್ಲುಪ್ಪು ಇರಲಿ, ಉಪ್ಪಿನಕಾಯಿಗೆ ಬೇಕಾಗುತ್ತದೆ. ಅಡುಗೆಯ ಅಯೋಡಿನ್ ಉಪ್ಪನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಒಲೆಯಿಂದ ದೂರ ಇಡಿ. ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಇನ್ನೂ ಒಳ್ಳೆಯದು.

ಅಯೋಡಿನ್ ಮಾತ್ರೆ ಅಂತ ಬೇರೆ ತರಬೇಡಿ. ಹಾಶಿಮೊಟೊ ಇರುವವರಿಗೆ ಜಾಸ್ತಿ ಅಯೋಡಿನ್ ಕೂಡ ತೊಂದರೆಯೇ.

ಅರಸೀಕೆರೆ ತೆಂಗಿನ ತೋಟ – ಜುಲೈ 8, ಬೆಳಿಗ್ಗೆ 6:50

ನನಗೆ ಥೈರಾಯ್ಡ್ ಅಲ್ಲ, ಶುಗರ್. ಬೆಲ್ಲದ ಕಾಫಿ ಅಂತ ಓದಿ ಬರೆಯುತ್ತಿದ್ದೇನೆ. ಬೆಲ್ಲಕ್ಕೆ ಶುಗರ್ ಏರುವುದಿಲ್ಲ ಅಂತ ಐದು ವರ್ಷ ನಂಬಿದ್ದೆ. ಮುದ್ದೆಗೂ ಏರುವುದಿಲ್ಲ ಅಂತ ರಾತ್ರಿ ಎರಡು ದೊಡ್ಡ ಮುದ್ದೆ ನುಂಗುತ್ತಿದ್ದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.4 ಬಂತು. 6.5 ದಾಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ.

ಡಾಕ್ಟರ್ ಹೇಳಿದ್ದು ನಮ್ಮ ಬೋರ್‌ವೆಲ್ಲಿಗೆ ಹೋಲಿಸಿದರೆ ನನಗೆ ಸರಿಯಾಗಿ ತಲೆಗೆ ಹೋಯಿತು. ಪೈಪಿನಲ್ಲಿ ಹೂಳು ಕಟ್ಟಿದರೆ ಅದೇ ನೀರಿಗೆ ಮೋಟರ್ ಜಾಸ್ತಿ ಓಡಬೇಕು. ಹೊಟ್ಟೆ ಸುತ್ತ, ಯಕೃತ್ತಿನಲ್ಲಿ ಕೊಬ್ಬು ತುಂಬಿದರೆ ಇನ್ಸುಲಿನ್ ಮಾತು ಮೈ ಕೇಳುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನೂ ಇನ್ನೂ ಇನ್ಸುಲಿನ್ ಸುರಿಸುತ್ತದೆ. ಹಲವು ವರ್ಷ ಶುಗರ್ ಸರಿಯಾಗಿಯೇ ಕಾಣುತ್ತದೆ. ಒಂದು ದಿನ ಮೋಟರ್ ಸೋಲುತ್ತದೆ. ನನ್ನ ಶುಗರ್ ಕಂಡ ದಿನ ಶುರುವಾದದ್ದಲ್ಲ, ಅದಕ್ಕೂ ಎಷ್ಟೋ ವರ್ಷ ಮೊದಲೇ ಶುರುವಾಗಿತ್ತು ಅಂತ ತಿಳಿದಾಗ ಬಹಳ ಸಂಕಟ ಆಯಿತು.

ರಾಗಿ ಒಳ್ಳೆಯದೇ. ನಾರು ಇದೆ, ಕ್ಯಾಲ್ಸಿಯಂ ಇದೆ. ಆದರೆ ಅದರಲ್ಲಿ ಬಹುಪಾಲು ಪಿಷ್ಟವೇ. ಈಗ ಒಂದೇ ಸಣ್ಣ ಮುದ್ದೆ, ಜೊತೆಗೆ ಬಸ್ಸಾರು, ಕಾಳು ಸೊಪ್ಪು ತಟ್ಟೆ ತುಂಬ. ಊಟ ಆದ ಮೇಲೆ ತೋಟದ ಸುತ್ತ ಇಪ್ಪತ್ತು ನಿಮಿಷ ನಡೆಯುತ್ತೇನೆ. ನಡೆಯುವ ಕಾಲಿನ ಸ್ನಾಯು ಇನ್ಸುಲಿನ್ ಸಹಾಯ ಇಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದಂತೆ. ಮಾತ್ರೆಯೂ ನಡೆಯುತ್ತಿದೆ. ಈಗ 6.9.

ಸಕಲೇಶಪುರ ಅಮ್ಮ – ಜುಲೈ 8, ರಾತ್ರಿ 10:30

ಶುಗರ್ ಅಂದರೆ ದೊಡ್ಡವರದು, ಜಾಸ್ತಿ ತಿನ್ನುವವರದು ಅಂತ ಎಲ್ಲರೂ ಅನ್ನುತ್ತಾರೆ. ನನ್ನ ಮಗನಿಗೆ ಏಳು ವರ್ಷಕ್ಕೇ ಬಂತು. ನಾವು ತೋಟದ ಲೈನ್ ಮನೆಯಲ್ಲಿ ಇದ್ದೇವೆ. ತುಂಬ ನೀರು ಕುಡಿಯುತ್ತಿದ್ದ. ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದ. ಇಷ್ಟು ದೊಡ್ಡವನಾಗಿ ಹೀಗೆ ಮಾಡುತ್ತೀಯಾ ಅಂತ ನಾನೇ ಬೈದಿದ್ದೆ. ಅದು ಇವತ್ತಿಗೂ ನನ್ನನ್ನು ಸುಡುತ್ತದೆ. ಒಂದು ತಿಂಗಳಲ್ಲಿ ಪಕ್ಕೆಲುಬು ಕಾಣುವಷ್ಟು ಬಡವಾದ. ಒಂದು ರಾತ್ರಿ ವಾಂತಿ, ಹೊಟ್ಟೆನೋವು, ಜೋರು ಜೋರು ಉಸಿರು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಹಾಸನಕ್ಕೆ ಹೋಗುವಷ್ಟರಲ್ಲಿ ಅವನಿಗೆ ಅರೆ ಪ್ರಜ್ಞೆ. ಶುಗರ್ 480.

ಇದು ಟೈಪ್ 1. ಇನ್ಸುಲಿನ್ ಮಾಡುವ ಕಣಗಳೇ ಸತ್ತುಹೋಗಿವೆ. ಮಾತ್ರೆಯಿಂದ ಆಗುವುದಿಲ್ಲ, ಇಂಜೆಕ್ಷನ್ನೇ ಬೇಕು. ತೋಟದವರು ಒಬ್ಬೊಬ್ಬರು ಒಂದೊಂದು ಬೇರು, ಸೊಪ್ಪು ತಂದುಕೊಟ್ಟರು, ಸೂಜಿ ನಿಲ್ಲಿಸು ಅಂದರು. ನಾನು ನಿಲ್ಲಿಸಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಒಂದು ಕಥೆ ಹೇಳಿದ್ದರು. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರಂತೆ. ಅದಕ್ಕೆ ಮೊದಲು ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಆ ಹುಡುಗ ಇನ್ನೂ 13 ವರ್ಷ ಬದುಕಿದ. ಆ ಕಥೆ ಕೇಳಿದ ಮೇಲೆ ಸೂಜಿ ನೋಡಿದರೆ ನನಗೆ ಹೆದರಿಕೆ ಹೋಯಿತು.

ನಮ್ಮಲ್ಲಿ ಫ್ರಿಜ್ ಇಲ್ಲ. ಹೊಸ ಬಾಟಲಿಗಳನ್ನು ಬಂಗಲೆಯ ಫ್ರಿಜ್ಜಿನಲ್ಲಿ ಇಡಲು ತೋಟದ ಅಮ್ಮ ಜಾಗ ಕೊಟ್ಟಿದ್ದಾರೆ. ಬಳಸುವ ಬಾಟಲಿಯನ್ನು ಮಡಕೆಯಲ್ಲಿ ಇಡುತ್ತೇನೆ. ಒಂದು ಮಡಕೆಯೊಳಗೆ ಇನ್ನೊಂದು, ನಡುವೆ ಒದ್ದೆ ಮರಳು. ತೆರೆದ ಬಾಟಲಿ 28 ದಿನ ಅಂತ ಗೋಡೆ ಮೇಲೆ ಇದ್ದಲಲ್ಲಿ ತಾರೀಕು ಬರೆಯುತ್ತೇನೆ. ಮಗ ಈಗ ಐದನೇ ಕ್ಲಾಸು. ಅವನೇ ಸೂಜಿ ಹಾಕಿಕೊಳ್ಳುತ್ತಾನೆ. ಜೇಬಿನಲ್ಲಿ ಯಾವಾಗಲೂ ಸಕ್ಕರೆ ಪೊಟ್ಟಣ ಇರುತ್ತದೆ. ಶುಗರ್ ತೀರಾ ಇಳಿದು ಕೈ ನಡುಗಿ ಬೆವರಿದರೆ ಬಾಯಿಗೆ ಹಾಕಿಕೊಳ್ಳುತ್ತಾನೆ.

ಮಗು ಇದ್ದಕ್ಕಿದ್ದ ಹಾಗೆ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ ದಯವಿಟ್ಟು ಬೈಯಬೇಡಿ. ಅದೇ ದಿನ ಶುಗರ್ ನೋಡಿಸಿ.

ಚಿಕ್ಕಮಗಳೂರು ಸಿಸ್ಟರ್ – ಜುಲೈ 8, ರಾತ್ರಿ 11:05

ಸಕಲೇಶಪುರದ ಅಮ್ಮ, ಮಗನನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ. ಬೈದಿದ್ದನ್ನು ಮನಸ್ಸಿನಿಂದ ತೆಗೆದುಹಾಕಿ. ಅದು ಕಾಯಿಲೆ ಅಂತ ನಿಮಗೆ ಯಾರು ಹೇಳಿದ್ದರು ಆಗ?

ಚನ್ನರಾಯಪಟ್ಟಣ – ಜುಲೈ 9, ಬೆಳಿಗ್ಗೆ 8:15

ನಮ್ಮ ಅಜ್ಜಿಯ ವಿಚಾರ. ಮಂಡಿ ನೋವಿಗೆ ಸಂತೆಯಲ್ಲಿ ಒಬ್ಬರ ಹತ್ತಿರ ಪುಡಿ ತರುತ್ತಿದ್ದರು. ತಗೊಂಡ ಎರಡನೇ ದಿನವೇ ನೋವು ಮಾಯ. ಆರು ತಿಂಗಳಲ್ಲಿ ಮುಖ ಚಂದ್ರನ ಹಾಗೆ ದುಂಡಗಾಯಿತು. ಕೈಕಾಲು ಸಣ್ಣ, ಹೊಟ್ಟೆ ದಪ್ಪ. ಚರ್ಮ ಎಲ್ಲಿ ತಾಗಿದರೂ ನೀಲಿಗಟ್ಟುತ್ತಿತ್ತು. ಶುಗರ್ ಇಲ್ಲದವರಿಗೆ ಶುಗರ್ ಬಂತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಅಂತ ಡಾಕ್ಟರ್ ನೋಡಿದ ಕೂಡಲೇ ಹೇಳಿದರು. ನಾವು ಸಿಟ್ಟಿನಲ್ಲಿ ಪುಡಿ ಬಿಸಾಕಿದೆವು. ಎರಡೇ ದಿನಕ್ಕೆ ಅಜ್ಜಿ ತಲೆಸುತ್ತಿ ಬಿದ್ದರು, ಬಿಪಿ ಸಿಗುತ್ತಿರಲಿಲ್ಲ. ಯಾಕೆ ಅಂತ ಇವತ್ತಿಗೂ ಪೂರ್ತಿ ಅರ್ಥ ಆಗಿಲ್ಲ.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು, ಹಾಸನ – ಜುಲೈ 9, ಬೆಳಿಗ್ಗೆ 10:00

ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಕಾರ್ಟಿಸಾಲ್ ಮಾಡುತ್ತದೆ. ರಕ್ತದೊತ್ತಡ, ಸಕ್ಕರೆ ನಿಲ್ಲಲು ಅದು ಬೇಕು. ಅದರ ಹಾಗೇ ಕೆಲಸ ಮಾಡುವ ಸ್ಟೀರಾಯ್ಡ್ ಹೊರಗಿನಿಂದ ಬರುತ್ತಲೇ ಇದ್ದರೆ, ನಾನು ಮೊದಲು ಹೇಳಿದ ಪಿಟ್ಯುಟರಿ ರೈಟರ್ ಕೂಗುವುದನ್ನೇ ನಿಲ್ಲಿಸುತ್ತಾನೆ. ಗ್ರಂಥಿ ಮಲಗಿಬಿಡುತ್ತದೆ, ಕುಗ್ಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ಅಜ್ಜಿ ಬಿದ್ದದ್ದು ಅದಕ್ಕೆ. ಡಾಕ್ಟರ ಕೈಯಲ್ಲಿ ವಾರ ವಾರ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರಬೇಕು, ಗ್ರಂಥಿಗೆ ಎಚ್ಚರ ಆಗಲು ತಿಂಗಳುಗಳೇ ಬೇಕಾಗಬಹುದು.

ಆಲ್ದೂರು – ಜುಲೈ 9, ಸಂಜೆ 5:25

ಸಣ್ಣ ಮಾತು. ಕೂದಲು ಉದುರುತ್ತದೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಇರುವ ಮಾತ್ರೆ ತಗೊಳ್ಳುತ್ತಿದ್ದರೆ ಟೆಸ್ಟಿಗೆ ಎರಡು ದಿನ ಮೊದಲು ನಿಲ್ಲಿಸಿ. ಜಾಸ್ತಿ ಡೋಸ್ ಬಯೋಟಿನ್ ಇದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸುತ್ತದೆ. ನನಗೆ ಹಾಗೇ ಆಗಿ ಡೋಸ್ ತಪ್ಪಾಗಿ ಇಳಿಸಿದ್ದರು.

ಕೊಪ್ಪದವಳು – ಜುಲೈ 15, ಸಂಜೆ 7:00

ಸಿಸ್ಟರ್, ಅತ್ತೆಯ ರಿಪೋರ್ಟ್ ಬಂತು. ಟಿಎಸ್‌ಎಚ್ 46. ಮಧ್ಯಾಹ್ನ ಹೊತ್ತಿನಲ್ಲಿ ತೂಕಡಿಸುತ್ತಿದ್ದರು, ಮಳೆ ಅಲ್ವಾ ಅಂದುಕೊಂಡಿದ್ದೆ. ಇವತ್ತಿನಿಂದ ಮಾತ್ರೆ ಮತ್ತೆ ಶುರು ಮಾಡಿದ್ದೇವೆ. ನಾನು ಬರೆದದ್ದನ್ನು ಓದಿ ಯಾರಾದರೂ ನಿಲ್ಲಿಸಿದ್ದರೆ ದಯವಿಟ್ಟು ಇದನ್ನೂ ಓದಿ.

ಮೂಡಿಗೆರೆ ಮಗಳು – ಆಗಸ್ಟ್ 28, ರಾತ್ರಿ 8:20

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಡಾಕ್ಟರಿಗೆ ಕಾಫಿ ವಿಚಾರ ಹೇಳಿದೆವು. ಅವರು 125ರ ಚೀಟಿ ಹರಿದು, 100ನ್ನೇ ನೀರಿನಲ್ಲಿ ತಗೊಂಡು ಏಳು ವಾರ ಬಿಟ್ಟು ಬನ್ನಿ ಅಂದರು. ಹೊಸ ಬಾಟಲಿ ತಂದು ಅಪ್ಪನ ಕಪಾಟಿನಲ್ಲಿ ಇಟ್ಟೆವು.

ಮೊದಲ ಎರಡು ವಾರ ಕಷ್ಟ ಆಯಿತು. ಕಾಫಿ ಇಲ್ಲದೆ ಒಂದು ಗಂಟೆ ಅಮ್ಮನಿಗೆ ಕೈಕಾಲೇ ಆಡುತ್ತಿರಲಿಲ್ಲ. ಆಮೇಲೆ ಅವರೇ ದಾರಿ ಕಂಡುಕೊಂಡರು. ಎದ್ದು ಮಾತ್ರೆ ನುಂಗಿ, ಹಂಡೆಗೆ ಬೆಂಕಿ ಹಾಕಿ, ಕೊಟ್ಟಿಗೆಗೆ ಹೋಗಿ ಹಾಲು ಕರೆದು ಬರುವಷ್ಟರಲ್ಲಿ ಗಂಟೆ ಆಗಿರುತ್ತದೆ. ಆಮೇಲೆ ಕಾಫಿ. ಕ್ಯಾಲ್ಸಿಯಂ ರಾತ್ರಿ ಊಟಕ್ಕೆ.

ಟಿಎಸ್‌ಎಚ್ 0.3 ಬಂದಿದೆ. ಔಷಧಿ ಅಂಗಡಿ ಅಣ್ಣ ಹೇಳಿದ ಹಾಗೇ ಆಯಿತು, ಈಗ 100 ಜಾಸ್ತಿ. 88ಕ್ಕೆ ಇಳಿಸಿದ್ದಾರೆ. ಕೊಲೆಸ್ಟ್ರಾಲ್ ಕೂಡ ಇಳಿದಿದೆ, ಅದರ ಮಾತ್ರೆ ಸದ್ಯಕ್ಕೆ ಬೇಡ ಅಂದರು. ಅಣ್ಣ ಫೋನ್ ಮಾಡಿದವನು ದನಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದ. ನಿನ್ನೆ ಸ್ನಾನ ಮಾಡುವಾಗ ಬಳೆ ತಾನಾಗೇ ಜಾರಿ ಬಂತಂತೆ. ಅಮ್ಮ ಅದನ್ನು ತೊಳೆದು, ಮತ್ತೆ ಹಾಕಿಕೊಂಡು, ಕೈ ಅಲ್ಲಾಡಿಸಿ ಸದ್ದು ಕೇಳಿಸಿದರು.

ಹೊಳೆನರಸೀಪುರ – ಆಗಸ್ಟ್ 28, ರಾತ್ರಿ 9:10

ಪೂರ್ತಿ ಓದಿದೆ. ನನ್ನ ತಂಗಿ 75 ತಗೊಳ್ಳುತ್ತಾಳೆ. ಈಗ ಎರಡು ತಿಂಗಳ ಬಸುರಿ. ಮಗುವಿಗೆ ತೊಂದರೆ ಆಗಬಹುದು ಅಂತ ಅತ್ತೆ ಮನೆಯಲ್ಲಿ ಮಾತ್ರೆ ಬಿಡು ಅನ್ನುತ್ತಿದ್ದಾರೆ. ಏನು ಮಾಡಲಿ?

ಚಿಕ್ಕಮಗಳೂರು ಸಿಸ್ಟರ್ – ಆಗಸ್ಟ್ 28, ರಾತ್ರಿ 9:18

ಬಿಡಲೇಬಾರದು. ಮೊದಲ ತಿಂಗಳುಗಳಲ್ಲಿ ಮಗುವಿಗೆ ಸ್ವಂತ ಥೈರಾಯ್ಡ್ ಕೆಲಸ ಮಾಡುವುದಿಲ್ಲ. ಮೆದುಳು ಬೆಳೆಯಲು ಬೇಕಾದ ಹಾರ್ಮೋನು ತಾಯಿಯಿಂದಲೇ ಹೋಗಬೇಕು. ಬಸುರಿಯಲ್ಲಿ ಡೋಸ್ ಕಡಿಮೆ ಮಾಡುವುದಲ್ಲ, ಹೆಚ್ಚಿನವರಿಗೆ ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ. ನಾಳೆ ಬೆಳಿಗ್ಗೆಯೇ ಟಿಎಸ್‌ಎಚ್ ಕೊಟ್ಟು ಡಾಕ್ಟರನ್ನು ನೋಡಲಿ. ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಹೊಳೆನರಸೀಪುರ – ಆಗಸ್ಟ್ 28, ರಾತ್ರಿ 9:25

ಎರಡು ದಿನದಿಂದ ತಗೊಂಡಿಲ್ಲವಂತೆ, ಈಗ ಫೋನ್ ಮಾಡಿ ಕೇಳಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ.